ಕಮಾನು ಪಟ್ಟಿಯ ಮೇಲೆ ಇಟ್ಟ ಜೀನ್ಸ್ ತುಂಡು

ತಿಪ್ಪೇಶಣ್ಣ, ಆ ಬೆಳಿಗ್ಗೆ ನೀನು ಕಣ್ಣು ಮುಚ್ಚಿರಲಿಲ್ಲ. ಗಾಡಿ ರಸ್ತೆ ಬಿಟ್ಟು ಕಾಲುವೆ ಏರಿಯ ಕೆಳಗೆ ನುಗ್ಗಿದ್ದು ನಿನ್ನ ನಿದ್ದೆಯಿಂದಲ್ಲ, ನನ್ನ ಕೈಕೆಲಸದಿಂದ. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮುಖ ನೋಡಿ ಸುಳ್ಳು ಹೇಳಿದೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ — ಹಿಂದುಮುಂದು ಮಾಡಿದರೆ ಮನಸ್ಸು ನಡುವೆ ಎಲ್ಲಾದರೂ ಒಂದು ನೆಪ ತುರುಕಿಬಿಡುತ್ತದೆ.

ಗಡಿಯ ಊರಾದ ರಾಯದುರ್ಗದ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುವ ಮಷೀನುಗಳು ಬಂದ ವರ್ಷಗಳು ಅವು. ಅಮರಾಪುರದ ಕಡೆಯಿಂದ ಹೊಲಿಗೆಗೆ ಹೊರಟವರ ಜೊತೆ ನಾನೂ ಬಸ್ಸು ಹತ್ತಿದೆ. ಹೊಲಿಗೆ ಬರುತ್ತಿರಲಿಲ್ಲ, ಸ್ಪ್ಯಾನರ್ ಹಿಡಿಯಲು ಬರುತ್ತಿತ್ತು. ಒಂದು ಮೆಕ್ಯಾನಿಕ್ ಶೆಡ್ಡಿಗೆ ಸೇರಿಕೊಂಡೆ. ನೀನು ಜೀನ್ಸ್ ಹೊಲಿಸುವ ಸಾಹುಕಾರರ ಪಿಕಪ್ ಓಡಿಸುತ್ತಿದ್ದೆ. ಹಗಲು ಬಟ್ಟೆಯ ಬಂಡಲ್ಲು, ಬೆಳಿಗ್ಗೆ ಸಂಜೆ ಬೊಮ್ಮನಹಾಳ್ ಕಡೆಯಿಂದ ಹೊಲಿಯಲು ಬರುವ ಹೆಂಗಸರು. ಬಂಡಲ್ಲು ತುಂಬಿದಾಗ ಮೆತ್ತಗೆ ಹೋಗುವ ಗಾಡಿ, ಹೆಂಗಸರು ಕೂತಾಗ ಮಾತ್ರ — ಅವರ ಭಾರ ಅದಕ್ಕೊಂದು ಭಾರವೇ ಅಲ್ಲ — ಹಿಂದೆ ಕುರಿಮರಿಯ ಹಾಗೆ ಜಿಗಿಯುತ್ತಿತ್ತು.

ಒಂದು ದಿನ ಶಾಂತಮ್ಮ ಶೆಡ್ಡಿನ ಮುಂದೆಯೇ ಗಾಡಿ ನಿಲ್ಲಿಸಲು ಹೇಳಿ ಇಳಿದಳು. ಆ ಹೆಂಗಸರಲ್ಲೆಲ್ಲ ಅವಳದೇ ಬಾಯಿ ದೊಡ್ಡದು.

"ಏನ್ರಿ ಮೇಸ್ತ್ರಿ, ನಾವು ಹೊಲಿಯೋದು ಪ್ಯಾಂಟು, ಹರಿಯೋದು ನಮ್ ಸೊಂಟ. ಇದನ್ನ ಸರಿ ಮಾಡ್ತೀರೋ, ಇಲ್ಲಾ ಎತ್ತಿನ ಬಂಡಿ ಹೂಡಿಸ್ತೀರೋ?"

ನೀನು ಸ್ಟೇರಿಂಗ್ ಹಿಂದಿನಿಂದಲೇ ನಕ್ಕೆ. "ಮಾಡೋ ತಮ್ಮಾ. ಇಲ್ಲಾಂದ್ರ ಈಕಿ ನನ್ನ ದಿನಾ ಹುರಿದು ಮುಕ್ತಾಳ."

ಮಾಡಬೇಕಾದದ್ದು ನನಗೆ ಗೊತ್ತಿತ್ತು. ಹಿಂದಿನ ಅಚ್ಚಿನ ಮೇಲೆ ಒಂದರ ಮೇಲೊಂದು ಕೂತ ಸ್ಪ್ರಿಂಗಿನ ಕಮಾನು ಪಟ್ಟಿಗಳಲ್ಲಿ ಎರಡೂ ಕಡೆ ಒಂದೊಂದನ್ನು ಕಳಚಿದರೆ ಗಾಡಿ ಮೆತ್ತಗಾಗುತ್ತದೆ. ಆದರೆ ಪಟ್ಟಿ ಕಡಿಮೆಯಾದರೆ ಅವನ್ನೆಲ್ಲ ಅಚ್ಚಿಗೆ ಬಿಗಿದು ಹಿಡಿಯುವ ಯು ಬೋಲ್ಟಿನ ಉದ್ದ ಮಿಕ್ಕುತ್ತದೆ. ನಟ್ಟು ಬೋಲ್ಟಿನ ಸುರುಳಿ ಗೀರಿನ ಕೊನೆಗೆ ಹೋಗಿ ನಿಂತರೂ ಬಿಗಿ ಕೂರುವುದಿಲ್ಲ. ಕಳಚಿದ ಪಟ್ಟಿಯಿಂದಲೇ ಒಂದು ಗೇಣು ಕತ್ತರಿಸಿ ಆ ಸಂದಿಗೆ ಇಡಬೇಕು. ಕಬ್ಬಿಣಕ್ಕೆ ಕಬ್ಬಿಣ.

ಅವತ್ತು ಅಮಾವಾಸ್ಯೆ. ಪಟ್ಟಿ ಕತ್ತರಿಸಿ ಕೊಡಬೇಕಾದ ವೆಲ್ಡಿಂಗಿನವನು ಮಷೀನಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಬಾಗಿಲು ಹಾಕಿದ್ದ. ಆ ದಿನ ಅವನು ಕಬ್ಬಿಣಕ್ಕೆ ಬೆಂಕಿ ತಾಕಿಸುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ಕೈ ಒರೆಸಲು ತಂದಿಟ್ಟ ಜೀನ್ಸ್ ಚಿಂದಿಯ ಮೂಟೆ ಇತ್ತು. ಆ ಊರಿನಲ್ಲಿ ಎಲ್ಲದಕ್ಕೂ ಅದೇ — ಬಾಗಿಲ ಸಂದಿಗೆ ಅದು, ಮಂಚದ ಕಾಲಿಗೆ ಅದು, ಸೋರುವ ನಲ್ಲಿಗೂ ಅದು. ದಪ್ಪನೆಯ ಒಂದು ತುಂಡನ್ನು ಮಡಿಕೆ ಮಾಡಿ, ಗ್ರೀಸಿನಲ್ಲಿ ಅದ್ದಿ, ಪಟ್ಟಿಗಳ ಮೇಲಿಟ್ಟು ಬಿಗಿದೆ. ನಟ್ಟು ಕಲ್ಲಿನ ಹಾಗೆ ಕೂತಿತು. ನಾಳೆ ಕಬ್ಬಿಣದ್ದು ಹಾಕೋಣ, ಅಂದುಕೊಂಡೆ.

ಮರುದಿನ ಹೆಂಗಸರು ಗಾಡಿಯಿಂದ ನಗುತ್ತಾ ಇಳಿದರು. "ತೊಟ್ಟಿಲದಾಗ ಕುಂತಂಗಾತು ನೋಡ್ರಿ," ಎಂದಳು ಶಾಂತಮ್ಮ. "ನಮ್ ಸೊಂಟಕ್ಕ ನೀವ ಡಾಕ್ಟರ್ರು!" ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ — ಬಿಚ್ಚುವ ಕೆಲಸ ನಾಳೆಗೆ ಹೋಯಿತು. ಆ ನಾಳೆ ಇನ್ನೊಂದು ನಾಳೆಗೆ.

ಕೆಲವು ದಿನ ಕಳೆದ ಮೇಲೆ ನೀನೇ ಬಂದು ಹೇಳಿದೆ: "ಹಿಂದ ಕಟಕಟ ಅಂತೈತಿ, ಒಂದೀಟು ಬಗ್ಗಿ ನೋಡೋ ತಮ್ಮಾ." ಬಟ್ಟೆ ಒತ್ತಿ ಒತ್ತಿ ತೆಳ್ಳಗಾಗುತ್ತಿದೆ, ಬಿಗಿ ಸಡಿಲಾಗುತ್ತಿದೆ ಎಂದು ಆ ಸದ್ದಿನಿಂದಲೇ ತಿಳಿಯಿತು. ಆದರೆ ನಿನ್ನೆದುರು ಬಿಚ್ಚಿದರೆ ಬಟ್ಟೆ ಕಾಣುತ್ತದೆ. ಡಾಕ್ಟರು ಎನಿಸಿಕೊಂಡವನು ನಾನು. "ಹೊಸ ಕೆಲ್ಸ ಅಲ್ವೇನಣ್ಣ, ಕೂತ್ಕೊಳ್ಳುತ್ತೆ ಬಿಡು," ಎಂದೆ.

ಮರುದಿನ ಬೆಳಿಗ್ಗೆ ಸುದ್ದಿ ಬಂತು.

ನಾನು ಹೋಗುವಷ್ಟರಲ್ಲಿ ಶಾಂತಮ್ಮನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಅವಳ ಬಲಗೈ ಗಾಡಿಯ ಹಿಂದಿನ ತೊಟ್ಟಿಯ ಅಂಚಿನ ಅಡಿಗೆ ಸಿಕ್ಕಿತ್ತು. ಉಳಿದ ಹೆಂಗಸರು ಏರಿಯ ಮೇಲೆ ಕೂತಿದ್ದರು. ನೀನು ನಿನ್ನ ಎರಡೂ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದೆ. ನಾನು ಗಾಡಿಯ ಕೆಳಗೆ ತೂರಿದೆ. ಎಡಗಡೆಯ ಅಚ್ಚು ತನ್ನ ಜಾಗ ಬಿಟ್ಟು ಹಿಂದಕ್ಕೆ ಜರುಗಿತ್ತು, ಪಟ್ಟಿಗಳನ್ನು ಪೋಣಿಸಿ ಹಿಡಿಯುವ ನಡುವಿನ ಬೋಲ್ಟ್ ತುಂಡಾಗಿತ್ತು. ಗಾಲಿಗಳನ್ನು ಓರೆ ಮಾಡಿ ಗಾಡಿಯನ್ನು ರಸ್ತೆಯಿಂದ ಎಳೆದದ್ದು ಅದೇ. ಸಡಿಲಾದ ಯು ಬೋಲ್ಟಿನ ಕೆಳಗಿನಿಂದ ನೀಲಿ ನೂಲು ಇಳಿಬಿದ್ದಿತ್ತು — ಯಾರು ಬಗ್ಗಿದರೂ ಕಾಣುವ ಹಾಗೆ.

ಅಷ್ಟರಲ್ಲಿ ಪೇದೆಯ ಬೂಟುಗಳು ನನ್ನ ತಲೆಯ ಪಕ್ಕಕ್ಕೆ ಬಂದು ನಿಂತವು. ಬಟ್ಟೆಯನ್ನು ಎಳೆದೆ, ಅದು ಬರಲಿಲ್ಲ, ಮತ್ತೆ ಎಳೆದೆ. ಬಂದದ್ದನ್ನು ಅಂಗಿಯೊಳಗೆ ಹೊಟ್ಟೆಗೆ ಅವುಚಿಕೊಂಡೆ. ಸಡಿಲಾಗಿದ್ದ ಬಲಗಡೆಯದನ್ನೂ ಕಿತ್ತೆ. ಏನು ಮುರಿದಿದೆ ಎಂದು ಅವನು ತೆಲುಗಿನಲ್ಲಿ ಕೇಳಿದ. ಕೆಳಗೆ ಬಿದ್ದ ಹೊಡೆತಕ್ಕೆ ಬೋಲ್ಟ್ ಮುರಿದಿದೆ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಮೊದಲು ಆದದ್ದನ್ನು ಆಮೇಲೆ ಆದದ್ದೆಂದೆ, ಅಷ್ಟೇ. ಅಷ್ಟೇ ಸಾಕಾಯಿತು. ಗ್ರೀಸು ಹೊಟ್ಟೆಯ ಮೇಲೆ ಇಳಿಯುತ್ತಿತ್ತು.

ಹೊರಗೆ ಬಂದಾಗ ನೀನು ನನ್ನ ತೋಳು ಹಿಡಿದೆ.

"ರಾತ್ರಿ ಲೋಡ್ ತಂದಿದ್ನಲ್ಲೋ, ಕಣ್ ಹತ್ತಿತೇನು ಅಂತಾರ ಎಲ್ಲಾರು. ನನಗ ಹತ್ತಿದ್ದು ಗೊತ್ತಿಲ್ಲ. ನೀ ಖರೇ ಹೇಳು, ಗಾಡಿಯಾಗ ಏನಾರ ಇತ್ತೇನು?"

"ಗಾಡೀಲಿ ಏನೂ ಇರ್ಲಿಲ್ಲ ಕಣಣ್ಣ," ಎಂದೆ.

ನೀನು ನಿಧಾನವಾಗಿ ತಲೆಯಾಡಿಸಿದೆ. ನಾನು ಹೇಳಿದ್ದನ್ನು ನಂಬಿದೆ. ನಿನ್ನ ಕಣ್ಣನ್ನು ನೀನೇ ನಂಬುವುದು ಬಿಟ್ಟೆ. ಆ ಕ್ಷಣವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಶಾಂತಮ್ಮನ ಬೆರಳು ಮತ್ತೆ ಬಟ್ಟೆ ಹಿಡಿಯಲಿಲ್ಲ. ನೀನು ಸ್ಟೇರಿಂಗ್ ಮುಟ್ಟಲಿಲ್ಲ. ನಾನು ಊರಿಗೆ ಮರಳಿ ಇಲ್ಲೇ ಶೆಡ್ಡು ಹಾಕಿಕೊಂಡೆ. ಯಾವ ಗಾಡಿಯ ಹಿಂಭಾಗ ಕಟಕಟ ಎಂದರೂ ಇವತ್ತಿಗೂ ನನ್ನ ಹೊಟ್ಟೆಯ ಮೇಲೆ ಆ ಗ್ರೀಸು ಇಳಿಯುತ್ತದೆ. ಶೆಡ್ಡಿನ ಮುಂದೆ ಯಾರದಾದರೂ ಬೂಟು ನಿಂತರೆ ಗಾಡಿಯ ಕೆಳಗಿನಿಂದ ಹೊರಗೆ ಬರಲು ಹೆದರುತ್ತೇನೆ.

ಮೊನ್ನೆ ರಾಯದುರ್ಗದಿಂದ ಬಂದವರೊಬ್ಬರು ಹೇಳಿದರು. ನೀನು ಬಟ್ಟೆ ತೊಳೆಯುವ ಯೂನಿಟ್ಟಿನಲ್ಲಿ ಕಾವಲಿಗೆ ಇದ್ದೀಯಂತೆ. ಹುಡುಗ ಡ್ರೈವರುಗಳನ್ನು ನಿಲ್ಲಿಸಿ, "ನಿದ್ದಿ ಬಂದ್ರ ಗಾಡಿ ಬದಿಗೆ ಹಾಕ್ರಪಾ. ನಾ ಹಾಕ್ಲಿಲ್ಲ, ಒಬ್ಬಾಕಿ ಕೈ ತಿಂದೆ," ಎನ್ನುತ್ತೀಯಂತೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಅದೂ ಅಡಗಿಕೊಂಡ ಹಾಗೆಯೇ. ನಾಳೆ ಬಸ್ಸು ಹತ್ತುತ್ತೇನೆ. ಮೊದಲು ನಿನ್ನ ಹತ್ತಿರ, ನಿನ್ನನ್ನು ಕರೆದುಕೊಂಡು ಶಾಂತಮ್ಮನ ಹತ್ತಿರ. ನೀವಿಬ್ಬರೂ ಏನು ಮಾಡುತ್ತೀರೋ ಎಂದು ಭಯವಿದೆ. ಆ ಭಯ ಹೋಗಲಿ ಎಂದು ಕಾಯುತ್ತಾ ಕೂತೇ ಇಷ್ಟು ವರ್ಷ —

ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೇನೆ, ದಾರಿಯಲ್ಲಿ ಬದಲಾಗದಿರಲಿ ಎಂದು. ಗಾಡೀಲಿ ಇತ್ತು ಕಣಣ್ಣ. ನಾನೇ ಇಟ್ಟಿದ್ದೆ.