ಮುಂದೆ ಹೋದ ಗಂಟು

ಮೊನ್ನೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಂಡೂರಿನ ಬಸ್ಸು ಇನ್ನೂ ನಿಂತಿರಲೇ ಇಲ್ಲ, ಒಬ್ಬ ಮಹಾನುಭಾವ ಕಿಟಕಿಯಿಂದ ತನ್ನ ಟವೆಲ್ಲನ್ನು ಒಳಗೆ ಎಸೆದುಬಿಟ್ಟ. ನಾನು ಮುಪ್ಪಿನವಳು, ನನಗೆ ಬಾಗಿಲೊಂದೇ ದಾರಿ. ಹೇಗೋ ಹತ್ತಿ, ಖಾಲಿ ಕಂಡ ಸೀಟಿನಲ್ಲಿ ಕೂತೆ. ಆತ ಬಂದವನೇ, "ಅಜ್ಜೀ, ಟವೆಲ್ ಹಾಕಿದ್ನಲ್ರೀ, ಕಾಣ್ಲಿಲ್ಲೇನು?" ಎಂದ. "ಕಂಡದಪ್ಪಾ, ಅದರ ಮ್ಯಾಲೇ ಕುಂತೀನಿ" ಎಂದೆ. ನಕ್ಕುಬಿಟ್ಟ, ಪಾಪ. ಸರಿದು ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತ.

ಟವೆಲ್ಲು ಕೂತರೆ ಮನುಷ್ಯ ಕೂತಂತೆ ಎಂಬ ಈ ಕಾನೂನನ್ನು ಯಾವ ಸರಕಾರ ಮಾಡಿತೋ ನನಗೆ ಗೊತ್ತಿಲ್ಲ. ಇದು ತಾವೇ ಕಂಡುಹಿಡಿದ ಉಪಾಯ ಎಂದು ಈಗಿನ ಹುಡುಗರು ತಿಳಿದಿರಬಹುದು. ಅವರಿಗೆ ಬೇಸರವಾದರೂ ಹೇಳಿಬಿಡುತ್ತೇನೆ: ಬಸ್ಸುಗಳು ಇದ್ದಿಲು ತಿನ್ನುತ್ತಿದ್ದ ಕಾಲದಲ್ಲೇ ನಮ್ಮ ಮಾವನವರು ಇದನ್ನು ಶಾಸ್ತ್ರೋಕ್ತವಾಗಿ ಮಾಡುತ್ತಿದ್ದರು. ಅದಕ್ಕೆ ಪ್ರಸ್ಥಾನ ಇಡುವುದು ಎಂದು ಹೆಸರು.

ಹೊರಡಬೇಕಾದ ದಿನ ಒಳ್ಳೆಯದಿಲ್ಲ ಎನ್ನಿ. ಆಗ ಅದಕ್ಕೆ ಮೊದಲಿನ ಒಂದು ಒಳ್ಳೆಯ ದಿನ, ಒಳ್ಳೆಯ ಗಳಿಗೆಯಲ್ಲಿ ನಿಮ್ಮ ಬಟ್ಟೆಯದೊಂದು ಗಂಟು ಕಟ್ಟಬೇಕು. ಅದರಲ್ಲಿ ಹಿಡಿ ಅಕ್ಕಿ, ಅರಿಶಿನದ ಕೊಂಬು, ಅಡಿಕೆ ಇರಬೇಕು. ಹೋಗಬೇಕಾದ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಅದನ್ನು ಇಟ್ಟು ಬರಬೇಕು. ಗಂಟು ಹೊರಟರೆ ನೀವು ಹೊರಟ ಹಾಗೆಯೇ. ಆಮೇಲೆ ಮನೆಗೆ ಬಂದು ಉಂಡು, ಮಲಗಿ, ಅನುಕೂಲವಾದ ದಿನ ಎದ್ದು ಹೋಗಬಹುದು. ಇದು ದೇವರ ಕಣ್ಣಿಗೆ ಮಣ್ಣೆರಚುವುದಲ್ಲವೇ ಎಂದು ನಾನು ಮದುವೆಯಾದ ಹೊಸದರಲ್ಲಿ ಅತ್ತೆಯವರನ್ನು ಕೇಳಿದ್ದೆ. ಅವರು ಒಲೆ ಊದುತ್ತ, "ದೇವರ ಕಣ್ಣಿಗೆ ಬ್ಯಾರೆ ಕೆಲಸ ಇಲ್ಲೇನು?" ಎಂದಿದ್ದರು.

ಮಾವನವರು ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕಚೇರಿಯಲ್ಲಿದ್ದಾಗ ಮದರಾಸಿನ ಹುಕುಂ, ಮನೆಗೆ ಬಂದ ಮೇಲೆ ಪಂಚಾಂಗದ ಹುಕುಂ. ಮನುಷ್ಯ ಮಾತ್ರ ಕೆಟ್ಟವರಲ್ಲ. ನನಗೆ ಕೆಮ್ಮು ಬಂದರೆ ಕಷಾಯ ತಾವೇ ಅರೆದು ಕೊಡುತ್ತಿದ್ದರು, ಅದನ್ನು ಕುಡಿಯುವುದಕ್ಕೂ ಒಂದು ಗಳಿಗೆ ನೋಡುತ್ತಿದ್ದರು ಅಷ್ಟೇ. ನನ್ನ ಗಂಡನಿಗೆ ಬಳ್ಳಾರಿಯಲ್ಲಿ ನೌಕರಿ; ಶನಿವಾರದ ರೈಲಿಗೆ ಬಂದು ಭಾನುವಾರದ ರೈಲಿಗೆ ಹೋಗುತ್ತಿದ್ದರು. ಆ ರೈಲಿಗೆ ಮಾವನವರ ರಾಹುಕಾಲ ತಾಕುತ್ತಿರಲಿಲ್ಲ. ರೈಲು ಸರಕಾರದ್ದು ಎಂಬ ಗೌರವವಿರಬೇಕು.

ಬಸ್ಸಿಗೆ ಆ ಮರ್ಯಾದೆ ಇರಲಿಲ್ಲ. ಆಗ ದೊಡ್ಡ ಯುದ್ಧ ನಡೆದಿತ್ತು. ಯುದ್ಧ ಎಲ್ಲಿಯೋ, ಪೆಟ್ರೋಲು ಸಿಗದಿದ್ದುದು ಮಾತ್ರ ನಮ್ಮ ಹೊಸಪೇಟೆಯಲ್ಲಿ. ಹೀಗಾಗಿ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಉಕ್ಕಿನ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದಲೇ ಬಂಡಿ ಓಡಿಸುತ್ತಿದ್ದರು. ಕ್ಲೀನರು ನಸುಕಿನಲ್ಲೇ ಎದ್ದು ಗಾಳಿ ಊದುವ ಚಕ್ರದ ಹಿಡಿಕೆ ತಿರುವಿ ತಿರುವಿ ಒಲೆ ಹತ್ತಿಸಬೇಕು. ಏರು ಬಂದರೆ ಪ್ರಯಾಣಿಕರು ಯಾರೂ ಹೇಳದೆಯೇ ಇಳಿದು ನಡೆಯುತ್ತಿದ್ದರು. ಮೇಲೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಕೂತರೆ ಬಸ್ಸು ಕೆಮ್ಮುತ್ತ ಬಂದು ಸೇರುತ್ತಿತ್ತು. ಇಳಿದವರಿಗೆಲ್ಲ ಮುಖ ಕಪ್ಪು. ಬೀಗರ ಮನೆಗೆ ಹೋಗುವವರು ಊರ ಹೊರಗಿನ ಬಾವಿಯಲ್ಲಿ ಮುಖ ತೊಳೆದೇ ಹೋಗುತ್ತಿದ್ದರು. ಇಷ್ಟೆಲ್ಲ ಇದ್ದರೂ ನನಗೆ ಆ ಬಸ್ಸಿನ ಮೇಲೆ ಪ್ರಾಣ. ಅದು ಕಂಪ್ಲಿಗೆ ಹೋಗುತ್ತಿತ್ತು, ಕಂಪ್ಲಿಯಲ್ಲಿ ನನ್ನ ಅವ್ವ ಇದ್ದಳು.

ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ ಅದು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಯುಗಾದಿ, ದೀಪಾವಳಿ ಎಲ್ಲ ಒಂದು ತೂಕ, ಪಂಚಮಿಯೇ ಒಂದು ತೂಕ. ಆವತ್ತು ತವರಿನ ಜೋಕಾಲಿಯಲ್ಲಿ ಕೂತು ಜೀಕದಿದ್ದರೆ ಮದುವೆಯಾದ ಹುಡುಗಿ ಅದನ್ನು ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಾಳೆ. ಅಣ್ಣ ಮೊದಲೇ ಬಂದು, ಶಾಸ್ತ್ರಕ್ಕೆ ಕರೆದು, ಅಕ್ಕಿ ಗಿರಣಿಯ ಕೆಲಸವಿದೆಯೆಂದು ಅಂದೇ ಹಿಂದಿರುಗಿದ್ದ. "ಹುಡುಗೀನ ನಾನೇ ಕರ್ಕೊಂಡು ಬರ್ತೀನಿ" ಎಂದು ಮಾವನವರು ಮಾತು ಕೊಟ್ಟಿದ್ದರು.

ಕೊಟ್ಟ ಮೇಲೆ ಪಂಚಾಂಗ ತೆಗೆದರು. ಶುಕ್ರವಾರ ಅಮಾವಾಸ್ಯೆ, ಆಗದು. ಶನಿವಾರ ಮೂಡಲಿಗೆ ವಾರಶೂಲೆ, ಅಂದು ಆ ದಿಕ್ಕಿಗೆ ಹೊರಡಕೂಡದು; ಕಂಪ್ಲಿ ಇರುವುದೇ ಮೂಡಲಿಗೆ. ಸೋಮವಾರವೂ ಅದೇ ಶೂಲೆ. ಮಂಗಳವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸಬಾರದು. ಬುಧವಾರ ಪಂಚಮಿಯೇ ಬಂತು, ಹಬ್ಬದ ದಿನ ಹೊರಟು ಮಾಡುವುದೇನು? ಉಳಿದದ್ದು ಭಾನುವಾರ. ಭಾನುವಾರ ಎಲ್ಲವೂ ಪ್ರಶಸ್ತ, ಆದರೆ ಅಂದು ಬಸ್ಸಿನ ಒಲೆಯ ಬೂದಿ ತೆಗೆಯುವ ದಿನ, ಬಸ್ಸೇ ಇಲ್ಲ. ನಾನು ಅಕ್ಕಿ ಆರಿಸುವ ನೆಪದಲ್ಲಿ ಮೊರದ ಮೇಲೆ ಮುಖ ಬಗ್ಗಿಸಿ ಅಳುತ್ತಿದ್ದೆ. ಅತ್ತೆಯವರು ಒಂದು ಸಲ ನೋಡಿದರು.

"ಪ್ರಸ್ಥಾನ ಇಟ್ರ ಹೆಂಗ್ರಿ?" ಎಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅವರೇ ಕೇಳಿದರು. ಮಾವನವರು ತುತ್ತು ಕೈಯಲ್ಲೇ ಹಿಡಿದು ಯೋಚಿಸಿ, "ಇಡಬಹುದು" ಎಂದರು.

ಭಾನುವಾರ ಬೆಳಿಗ್ಗೆ ನನ್ನ ಮದುವೆಯ ಸೀರೆಯಲ್ಲಿ ಗಂಟು ಕಟ್ಟಿ, ಮೂಡಲಿಗಿದ್ದ ಶೆಟ್ಟರ ಅಂಗಡಿಯ ಜಗಲಿಯ ಮೇಲೆ ಇಟ್ಟು ಬಂದೆವು. ಕಂಪ್ಲಿ ಬಸ್ಸು ನಿಲ್ಲುತ್ತಿದ್ದುದೂ ಅಲ್ಲಿಯೇ. ಕಂಪ್ಲಿಗೆ ಹೋಗಬೇಕಾದ ಬುಟ್ಟಿ, ಡಬ್ಬಿ, ಬೆಲ್ಲದ ಪೆಂಟೆ ಎಲ್ಲ ಅದೇ ಜಗಲಿಯ ಮೇಲೆ ಕೂತಿರುತ್ತಿದ್ದವು. "ವಾರಶೂಲೆ ತಪ್ಪಿತು. ನಾಳೆ ಏಳಕ್ಕ ಬಸ್ಸು, ಏಳೂವರಿಗೆ ರಾಹುಕಾಲ. ಅಷ್ಟೊತ್ತಿಗೆ ಊರು ದಾಟಿರ್ತೀವಿ" ಎಂದು ಮಾವನವರು ತೃಪ್ತಿಯಿಂದ ನಶ್ಯ ಏರಿಸಿದರು.

ಸೋಮವಾರ ಏಳಕ್ಕೆ ನಾವು ಮೂವರೂ ಜಗಲಿಯ ಹತ್ತಿರ ನಿಂತಿದ್ದೆವು. ಅತ್ತೆಯವರು ಕಳಿಸಲು ಬಂದಿದ್ದರು. ಬಸ್ಸಿನ ಒಲೆ ಹತ್ತಲಿಲ್ಲ. ರಾತ್ರಿ ಮಳೆಗೆ ಇದ್ದಿಲು ನೆಂದಿತ್ತಂತೆ. ಕ್ಲೀನರು ತಿರುವಿದ, ಡ್ರೈವರ್ ಹುಸೇನಸಾಬ ತಿರುವಿದ, ಕಂಪ್ಲಿಯ ಇಬ್ಬರು ವ್ಯಾಪಾರಿಗಳು ಪಂಚೆ ಎತ್ತಿ ಕಟ್ಟಿ ತಿರುವಿದರು. ನಾನು ಮನಸ್ಸಿನಲ್ಲೇ ತಿರುವಿದೆ. ಮಾವನವರು ಗಡಿಯಾರ ನೋಡುತ್ತಿದ್ದರು. ಒಲೆ ಭಗ್ಗೆಂದು ಹತ್ತುವ ಹೊತ್ತಿಗೆ ಸರಿಯಾಗಿ ರಾಹುಕಾಲ ಹತ್ತಿತು.

"ಹತ್ರಿ ಸ್ವಾಮಿ, ಜಲ್ದಿ" ಎಂದ ಹುಸೇನಸಾಬ.

"ಈಗ ಆಗಂಗಿಲ್ಲ. ರಾಹುಕಾಲ ಮುಗೀಲಿ."

"ಅಲ್ಲಿತನಕ ನಿಂತ್ರ ಒಲಿ ಆರ್ತದ್ರಿ. ನಿಮ್ಮ ರಾಹು ಬಂದು ಊದ್ತಾನೇನು?"

ಮಾವನವರು ತಿರುಗಿ ಮನೆಯ ಕಡೆ ಹೆಜ್ಜೆ ಹಾಕಿದರು. ನಾನು ಹಿಂದೆ ಹೋದೆ, ಮತ್ತೇನು ಮಾಡಲಿ? "ಗಂಟು ನಾ ತರ್ತೀನಿ, ನೀವು ನಡೀರಿ" ಎಂದು ಅತ್ತೆಯವರು ಹಿಂದೆ ಉಳಿದರು. ಮನೆ ಮುಟ್ಟಿ ಕಾಲು ತೊಳೆಯುವಷ್ಟರಲ್ಲಿ ಅವರೂ ಬಂದರು, ಬರಿಗೈಯಲ್ಲಿ.

"ಗಂಟು ಇಲ್ರೀ. ಬ್ಯಾರೆ ಸಾಮಾನಿನ ಜೋಡಿ ಬಸ್ಸಿನಾಗ ಹೋಗಿಬಿಟ್ಟದ."

ಮಾವನವರು ಕಂಬಕ್ಕೆ ಒರಗಿ ಕೂತರು. ಊರ ಸೀಮೆಯೊಳಗಿದ್ದರೆ ಗಂಟನ್ನು ಹಿಂದಕ್ಕೆ ತರಬಹುದು. ಸೀಮೆ ದಾಟಿತೋ, ಪ್ರಯಾಣ ಶುರುವಾದ ಹಾಗೆಯೇ. ಗಂಟಿನ ಒಡೆಯರು ಅದರ ಹಿಂದೆ ಹೋಗಲೇಬೇಕು, ಇಲ್ಲವಾದರೆ ಅಶುಭ. ಇದನ್ನು ನಮಗೆಲ್ಲ ಪಾಠ ಹೇಳಿಕೊಟ್ಟವರು ಅವರೇ. ರಾಹುಕಾಲ ಮುಗಿದ ಕೂಡಲೇ ಎದ್ದು ಕೊಡೆ ತೆಗೆದುಕೊಂಡರು. "ಏಳು ಹುಡುಗಿ. ಜಟಕಾ ನೋಡೋಣ" ಎಂದರು.

ಜಟಕಾದವನು ಕಮಲಾಪುರದ ತನಕ ಮಾತ್ರ ಬರಲು ಒಪ್ಪಿದ. ಹಂಪಿಗೆ ಬರುವ ಯಾತ್ರಿಕರನ್ನು ಎಳೆದೆಳೆದು ಅವನ ಕುದುರೆಗೆ ಕಮಲಾಪುರ ಬಂದರೆ ಪ್ರಪಂಚ ಮುಗಿಯಿತು ಎಂಬ ನಂಬಿಕೆ. ಅಲ್ಲಿಂದ ಮುಂದೆ ಬಾಳೆಗೊನೆ ಹೇರಿದ ಒಂದು ಎತ್ತಿನ ಬಂಡಿ ಸಿಕ್ಕಿತು. ಗೊನೆಗಳ ಮೇಲೆ ಮಾವನವರು ಕೊಡೆ ಬಿಚ್ಚಿ ಕೂತರು. ನಿವೃತ್ತ ಗುಮಾಸ್ತರ ಗಾಂಭೀರ್ಯ ಪ್ರತಿ ಕುಳಿಗೂ ಒಂದೊಂದು ಗೇಣು ಜಾರುತ್ತಿತ್ತು. ನನಗೆ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಳ್ಳಬೇಕಾಯಿತು. ಬುಕ್ಕಸಾಗರ ದಾಟಿತು, ಎರಡೂ ಕಡೆ ಕಬ್ಬು, ನಡುವೆ ಕಾಲುವೆಯ ನೀರು. ಅಷ್ಟು ಸುಖದ ಪ್ರಯಾಣ ನಾನು ಮತ್ತೆ ಮಾಡಿಲ್ಲ.

ಅತ್ತ ಕಂಪ್ಲಿಯಲ್ಲಿ ಏನಾಗಿರಬಹುದು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹುಸೇನಸಾಬನಿಗೆ ಎಲ್ಲರ ಮನೆಯೂ ಗೊತ್ತು. ಅವನು ಹೇಳಿದಂತೆ ಕ್ಲೀನರು ಗಂಟನ್ನು ನಮ್ಮ ಮನೆಯ ಬಾಗಿಲಲ್ಲಿಟ್ಟು, "ಹೊಸಪೇಟಿಯಿಂದ ಬಂದದ್ರಿ" ಎಂದಷ್ಟೇ ಹೇಳಿ ಹೋಗಿದ್ದ. ಅವ್ವ ಬಿಚ್ಚಿ ನೋಡಿದಳು. ಮಗಳ ಮದುವೆಯ ಸೀರೆ, ಅರಿಶಿನ, ಅಕ್ಕಿ. ಮಗಳಿಲ್ಲ. ಮಗಳ ಸೀರೆ ಮಾತ್ರ ತವರಿಗೆ ಬರುವುದು ಯಾವಾಗ ಎಂದು ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ.

ರಾಮಸಾಗರ ಇನ್ನೂ ಅಷ್ಟು ದೂರ ಇರುವಾಗ ದಾರಿಯಲ್ಲಿ ಒಬ್ಬ ಹೆಂಗಸು ಎದುರಿಗೆ ನಡೆದು ಬರುವುದು ಕಂಡಿತು. ಬರಿಗಾಲು, ಬಿಚ್ಚಿದ ತಲೆ. ಮಗುವನ್ನು ಎತ್ತಿಕೊಂಡ ಹಾಗೆ ಗಂಟನ್ನು ಎದೆಗೆ ಹಿಡಿದುಕೊಂಡಿದ್ದಳು. ನಾನು ಬಂಡಿ ನಿಲ್ಲುವ ಮೊದಲೇ ಹಾರಿದೆ. ಅವ್ವ ನನ್ನ ಮುಖ ಮುಟ್ಟಿದಳು, ತೋಳು ಮುಟ್ಟಿದಳು, ಬಳೆ ಮುಟ್ಟಿದಳು. "ಅದೀಯಲ್ಲವ್ವ" ಎಂದಳು. ಅಲ್ಲೇ ರಸ್ತೆಯ ಧೂಳಿನಲ್ಲಿ ಕೂತುಬಿಟ್ಟಳು.

ಮಾವನವರು ಬಂಡಿಯಿಂದ ಇಳಿದರು. ಬೀಗರ ಹೆಣ್ಣುಮಕ್ಕಳ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅವರಿಗಿರಲಿಲ್ಲ. ಅಂದು ಮಾತಾಡಿದರು. "ಗಾಬರಿ ಆಗಬ್ಯಾಡ್ರಿ. ಗಂಟು ಮುಂದ ಬಂತು, ಹುಡುಗಿ ಹಿಂದ ಬಂದಾಳ. ತಪ್ಪು ನಂದದ" ಎಂದರು. ಅವ್ವ ಥಟ್ಟನೆ ಎದ್ದು, ಸೆರಗು ತಲೆಗೆಳೆದುಕೊಂಡು, ಪಕ್ಕದ ಕಬ್ಬಿನ ಕಡೆ ಮುಖ ಮಾಡಿ, "ಊಟ ಆಗೇದೋ ಇಲ್ಲೋ ಕೇಳವ್ವಾ" ಎಂದಳು. ನಾಲ್ಕು ಹೆಜ್ಜೆ ದೂರದಲ್ಲಿದ್ದ ಮಾವನವರನ್ನು ನನ್ನ ಮೂಲಕ ಕೇಳಿದ್ದು ಅದು. ಊಟ ಆಗಿರಲಿಲ್ಲ.

ಆ ಪಂಚಮಿಯಲ್ಲಿ ಜೋಕಾಲಿಯ ಹಗ್ಗ ಸವೆಯುವಷ್ಟು ಜೀಕಿದೆ. ಉಂಡಿಗಳ ಡಬ್ಬಿ ಹೊತ್ತು ಹೊಸಪೇಟೆಗೆ ಮರಳಿದ ಮೇಲೆ, ಅವ್ವ ರಸ್ತೆಯಲ್ಲಿ ನಡೆದು ಬಂದ ಕಥೆಯನ್ನು ಅತ್ತೆಯವರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣಲ್ಲಿ ನೀರು ಬಂತು.

"ಆಕಿ ಅಷ್ಟು ಅಂಜ್ತಾಳಂತ ನನಗ ಹೊಳೀಲೇ ಇಲ್ಲ ನೋಡು. ಇದೂ ಕಂಪ್ಲಿಗೆ ಅಂತ ಕ್ಲೀನರ್ ಕೈಯಾಗ ನಾನ ಕೊಟ್ಟೆ."

ನಾನು ಅವರ ಪಕ್ಕದಲ್ಲಿ ಕೂತು ಕೇಳಿದೆ: "ಅತ್ತೀ, ನೀವು ಸಂಡೂರಿಗೆ ಹೋಗಿ ಎಷ್ಟು ವರ್ಷ ಆತು?" ಅವರ ತವರು ಸಂಡೂರು, ಕಂಪ್ಲಿಗಿಂತ ಹತ್ತಿರ.

"ನೀ ಆಗ ಹುಟ್ಟಿದ್ದಿಲ್ಲ ಬಿಡು. ಒಂದು ವರ್ಷ ಶೂಲಿ, ಒಂದು ವರ್ಷ ಅಮಾಸಿ. ಕರೆಯೋರೂ ಕರೆದು ಕರೆದು ಸುಮ್ಮನಾದ್ರು. ನನ್ನ ಗಂಟು ಕಳಿಸೋರು ಯಾರಿದ್ರು ಹೇಳು."

ಮರುವರ್ಷ ಪಂಚಮಿಗೆ ಅವ್ವನಿಗೆ ಈ ಸಲ ಬರುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದೆ. ಅತ್ತೆಯವರ ಎರಡು ಸೀರೆ, ಅಕ್ಕಿ, ಅರಿಶಿನ, ಅಡಿಕೆ ಗಂಟು ಕಟ್ಟಿ ಸಂಡೂರಿನ ಬಸ್ಸಿಗೆ ಹಾಕಿದೆ. ಸಂಡೂರು ಆಗ ಬೇರೆ ಸಂಸ್ಥಾನ. ಗಡಿಯ ನಾಕೆಯಲ್ಲಿ ಸಾಮಾನು ಬಿಚ್ಚಿ ನೋಡುತ್ತಿದ್ದರು. ಆದ್ದರಿಂದ, ಇದು ಇಂಥವರ ತಂಗಿಯ ಗಂಟು, ಆಕೆ ಸುಖವಾಗಿದ್ದಾಳೆ, ಹಿಂದಿನಿಂದಲೇ ಬರುತ್ತಾಳೆ ಎಂದು ಕ್ಲೀನರಿಗೆ ಬಾಯಿಪಾಠ ಮಾಡಿಸಿದೆ. ಆಮೇಲೆ ಮನೆಗೆ ಬಂದು, "ಮಾವ, ಗಂಟೊಂದು ಸೀಮಿ ದಾಟಿಬಿಟ್ಟದ್ರೀ" ಎಂದೆ.

"ಯಾರದು?"

"ಅತ್ತೀದು."

ಮಾವನವರು ನನ್ನನ್ನು ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದು ಕಲ್ಲಾಗಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಗುರುವಾರ ಅದು, ತೆಂಕಲಿಗೆ ವಾರಶೂಲೆ. ಸಂಡೂರು ತೆಂಕಲಿಗೇ ಇದೆ. ಅವರ ಕೈ ಪಂಚಾಂಗದ ಕಡೆ ಹೋಯಿತು, ಅಲ್ಲಿಂದ ಕೊಡೆಯ ಕಡೆ ಹೋಯಿತು. "ಈ ಮನಿ ಗಂಟುಗಳಿಗೆ ಕಾಲು ಬಂದಾವ" ಎಂದರು. ಹೊರಗೆ ಹೋಗಿ ಜಟಕಾ ಕರೆಯತೊಡಗಿದರು. ಅತ್ತೆಯವರು ಅಂದು ಸೌಟು ಹಿಡಿದುಕೊಂಡೇ ಜಟಕಾ ಹತ್ತಿದ್ದರು. ನಾನು ಓಡಿಹೋಗಿ ಇಸಿದುಕೊಂಡೆ.

ಅದಾದ ಮೇಲೆ ಅತ್ತೆಯವರು ಬದುಕಿರುವ ತನಕ ತಮ್ಮ ಸರದಿಯ ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ. ಒಂದು ವರ್ಷ ಅವರ ಗಂಟು ನಾನು ಕಳಿಸುವುದು, ಒಂದು ವರ್ಷ ನನ್ನದು ಅವರು ಕಳಿಸುವುದು. ಮಾವನವರಿಗೆ ಎಲ್ಲ ಗೊತ್ತಿತ್ತು ಎಂದೇ ಈಗ ನನಗನ್ನಿಸುತ್ತದೆ.

ಇವೆಲ್ಲ ನೆನಪು ಮಾಡಿಕೊಳ್ಳುವಷ್ಟರಲ್ಲಿ ಮೊನ್ನೆಯ ಬಸ್ಸು ಗುಡ್ಡ ಏರುತ್ತಿತ್ತು, ಯಾರನ್ನೂ ಇಳಿಸದೆ. ಈಗ ಅವ್ವ ಇಲ್ಲ, ಅಣ್ಣನೂ ಇಲ್ಲ, ಕಂಪ್ಲಿಯ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅತ್ತೆಯವರು ತೀರಿಕೊಳ್ಳುವ ಮೊದಲು ತಮ್ಮ ಅಣ್ಣನ ಮಗನನ್ನು ಕರೆಸಿ, "ಇನ್ನ ಮ್ಯಾಲೆ ನನ್ನ ಬದಲಿ ಇಕೀನ ಕರೀರಿ" ಎಂದಿದ್ದರು. ಆತನಿಗೂ ಈಗ ತಲೆ ನೆರೆತಿದೆ. ಆದರೂ ಪ್ರತಿ ಪಂಚಮಿಗೂ ತಪ್ಪದೆ ಬಂದು ಕರೆದು ಹೋಗುತ್ತಾನೆ, ಆ ಮನೆಯ ಜೋಕಾಲಿಯಲ್ಲಿ ಮೊದಲು ನನ್ನನ್ನೇ ಕೂರಿಸುತ್ತಾರೆ.

ಕಂಡಕ್ಟರು ಟಿಕೆಟ್ ಹರಿಯುತ್ತ, "ಹಬ್ಬದ ಗದ್ದಲದಾಗ ಒಬ್ರೇ ಹೊಂಟೀರಲ್ಲವ್ವ. ಸಂಡೂರಾಗ ಯಾರದಾರ?" ಎಂದು ಕೇಳಿದ.

"ತವರುಮನಿ ಅದಪ್ಪಾ" ಎಂದೆ.