ದೊಡ್ಡವ್ವನ ಎಡೆ

ಮೈಸೂರಿಗೆ ಬಂದ ಹೊಸದರಲ್ಲಿ, ಪಿತೃಪಕ್ಷದ ಒಂದು ಮಧ್ಯಾಹ್ನ, ಗಂಡನ ತಾತನ ಫೋಟೋದ ಮುಂದೆ ಬಾಳೆಲೆ ಹಾಸಿ ಮುದ್ದೆ, ಮಟನ್ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಟ್ಟಿದ್ದನ್ನು ಕಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗಂಡನ ಅಜ್ಜಿ ಒಂದು ಬೀಡಿ ಹಚ್ಚಿ, ತಾವೇ ಒಂದು ದಮ್ಮು ಎಳೆದು, ಎಲೆಯ ಅಂಚಿಗಿಟ್ಟರು.

"ಹಚ್ಚದೆ ಇಟ್ರೆ ಬೆಂಕಿಪೊಟ್ಣ ಎಲ್ಲಿ ಅಂತ ನಿಮ್ ತಾತ ನನ್ನೇ ಕೂಗ್ತಾನೆ ಕಣವ್ವ" ಎಂದು ನಕ್ಕರು.

ಇದಕ್ಕೆ ಇಲ್ಲಿ ಎಡೆ ಇಡುವುದು ಎನ್ನುತ್ತಾರೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಇಡಬೇಕು. ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲಿ ಹಾಗಿಲ್ಲ, ನಮ್ಮ ಕಡೆಯವರಾದ ನಿಮಗೆ ಗೊತ್ತೇ ಇದೆ. ಮಣ್ಣು ಮಾಡಿ ಬಂದರೆ ಮುಗಿಯಿತು. ಆಮೇಲೆ ಅವರಿಗೆ ಹಸಿವೂ ಇಲ್ಲ, ಚಟವೂ ಇಲ್ಲ.

ಜಾತಿ ಬಿಟ್ಟು ಮಹದೇವನನ್ನು ಕಟ್ಟಿಕೊಂಡೆನೆಂದು ಅಪ್ಪ ನನ್ನನ್ನೂ ಬದುಕಿರುವಾಗಲೇ ಮಣ್ಣು ಮಾಡಿದ್ದರು. ಮೈಸೂರು ಸೌಮ್ಯರ ಊರು ಎಂದು ಕೇಳಿದ್ದೆ. ಹೌದು, ಇಲ್ಲಿ ಯಾರೂ ಬೈಯುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಕೂರಿಸಿ ಕಾಫಿ ಕೊಟ್ಟು, "ನೀವು ಯಾವ ಜನ?" ಎಂದು ಮೆಲ್ಲಗೆ ಕೇಳಿ, "ಅಯ್ಯೋ, ನೆನ್ನೆನೇ ಕೊಟ್ಬುಟ್ವಿ ಕಣ್ರೀ" ಎನ್ನುತ್ತಾರೆ. ನಮ್ಮ ಕಡೆ ಮುಖಕ್ಕೆ ಹೊಡೆದಂತೆ ಹೇಳುವುದನ್ನೇ ಇಲ್ಲಿ ಸಕ್ಕರೆ ಬೆರೆಸಿ ಹೇಳುತ್ತಾರೆ. ಕೊನೆಗೆ ಕುವೆಂಪುನಗರದ ಮಾವನ ಮನೆಗೇ ಬಂದೆವು. ಅಜ್ಜಿ ತಮ್ಮ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು ಹಾಲಿನ ದಿವಾನದ ಮೇಲೆ ಮಲಗಿದರು. ಅವರನ್ನು ಮನೆಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ನಾನೂ ಬಂದೋಳೇ ಕಣವ್ವ" ಎಂದಿದ್ದರು. ಹದಿಹರೆಯದಲ್ಲಿ ನರಸೀಪುರದ ಕಡೆಯಿಂದ ಬಂದು, ಒಂಟಿಕೊಪ್ಪಲಿನ ಬೀದಿಗಳಲ್ಲಿ ಸೊಪ್ಪು ಮಾರಿ, ಗಂಡ ಹೋದ ಮೇಲೂ ಮಗನನ್ನು ಓದಿಸಿ ಆಫೀಸರ್ ಮಾಡಿದವರು. ತೊಂಬತ್ತು ದಾಟಿದ್ದರೂ ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು. ಸಿಕ್ಕಿಬಿದ್ದರೆ ಕಿವಿ ಕೇಳಿಸುತ್ತಿರಲಿಲ್ಲ. ಭಾನುವಾರ ಒಂದು ಲೋಟ ಬಿಯರ್, "ಹೊಟ್ಟೆ ತಂಪಿಗೆ". ನನ್ನ ಸ್ಕೂಟರಿನ ಹಿಂದೆ ಕೂತು ಬನ್ನಿಮಂಟಪದ ಪಂಜಿನ ಕವಾಯತಿಗೆ ಬಂದು, ಕುದುರೆ ಮೇಲಿನ ಪೊಲೀಸರಿಗೆ ಶಿಳ್ಳೆ ಹಾಕಿದ್ದರು. ನನ್ನ "ಹೌದ್ರಿ"ಗೆ ಬೀದಿಯೆಲ್ಲ ನಕ್ಕಾಗ ಅವರೂ ನಕ್ಕರು. ಮರುದಿನ ಹೂವಿನವಳ ಹತ್ತಿರ ತಾವೇ "ಎಷ್ಟ್ರಿ?" ಎಂದು ಶುರುಮಾಡಿದರು.

ಒಮ್ಮೆ ಇಸ್ಪೀಟು ಕಲೆಸುತ್ತಾ ಹೇಳಿದರು, "ನನ್ ಎಡೆಗೆ ಮಟನ್ ಇಡ್ಬೇಕು, ಬಿಯರ್ ಇಡ್ಬೇಕು, ಈ ಇಸ್ಪೀಟ್ ಕಟ್ಟೂ ಇಡ್ಬೇಕು. ನನ್ ಮಗ ನಾಚ್ಕತಾನೆ. ನೀನೇ ಇಟ್ಬುಡು."

"ನಾ ಮಾಂಸ ಮುಟ್ಟಂಗಿಲ್ರಿ ದೊಡ್ಡವ್ವ."

"ತಿನ್ನು ಅಂದ್ನಾ? ಇಡು ಅಂದೆ. ನಿಂಗೇನಿಡ್ಬೇಕು, ಅದ್ನೂ ಹೇಳ್ಬುಡು."

"ಬಿಸಿ ರೊಟ್ಟಿ, ಪುಂಡಿಪಲ್ಯ."

"ಅದೇನೋ ಪುಂಡಿಯಂತೆ! ಆಯ್ತು, ನೆಪ್ಪಲ್ಲಿಟ್ಕತೀನಿ" ಅಂದರು, ನನಗಿಂತ ಅರವತ್ತು ವರ್ಷ ದೊಡ್ಡವರು.

ಹೋದ ಚಳಿಗಾಲ ನಿದ್ದೆಯಲ್ಲೇ ಹೋದರು. ಹನ್ನೊಂದನೇ ದಿನದ ತಿಥಿಗೆ ಮಾವ ಅಡುಗೆಯವರನ್ನು ಕರೆಸಿ ಹೋಳಿಗೆ, ಪಾಯಸ ಮಾಡಿಸಿದರು. ನಗುವ ಫೋಟೋ ಬೇಡವೆಂದು ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದರು. ಎಲ್ಲರೂ ಶಾಮಿಯಾನದಡಿ ಓಡಾಡುತ್ತಿದ್ದಾಗ ನಾನು ಜೀವನದಲ್ಲಿ ಮೊದಲ ಸಲ ಮಟನ್ ತೊಳೆದೆ. ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿ ಬಂದು ಮತ್ತೆ ತೊಳೆದೆ. ಅವರು ಮಾಡುವುದನ್ನು ನೋಡಿದ್ದೆನಲ್ಲ, ಹಾಗೇ ಸಾರು ಮಾಡಿ ಫೋಟೋದ ಮುಂದಿನ ಎಲೆಗೆ ಬಡಿಸಿದೆ. ಬಿಯರ್ ಬಾಟಲಿ, ಇಸ್ಪೀಟು ಕಟ್ಟು ಇಟ್ಟು ಕೈಮುಗಿದೆ.

"ಯಾರಮ್ಮ ಇದ್ನ ಇಲ್ಲಿಟ್ಟೋರು?" ಮಾವನ ಮುಖ ಕೆಂಪಗಾಗಿತ್ತು.

ಸಿಟ್ಟಿಗೆ ನನ್ನ ಬಾಯಿಗೆ ನಮ್ಮೂರು ಬಂತು. "ನಾ ಇಟ್ಟೀನ್ರಿ. ದೊಡ್ಡವ್ವನೇ ಹೇಳ್ಯಾರ."

"ಆಫೀಸ್ನೋರೆಲ್ಲ ಬರೋ ಹೊತ್ತು! ನಮ್ಮವ್ವ ದೇವ್ರಂಥೋಳು. ನಮ್ ಪದ್ಧತಿ ನಿಂಗೇನ್ ಗೊತ್ತು, ಹೊರಗಿಂದ ಬಂದೋಳು."

ಮಹದೇವ ಮೊಬೈಲ್ ನೋಡುತ್ತಿದ್ದ. ಸಾರು ಹಿತ್ತಲ ಚರಂಡಿಗೆ ಹೋಯಿತು, ಇಸ್ಪೀಟು ಕಸದ ಬುಟ್ಟಿಗೆ. ಬಂದವರು ಹೋಳಿಗೆ ತಿಂದು, ಎಂಥ ಸಾಧ್ವಿ ಎಂದು ಹೊಗಳಿದರು. ಆ ಸಾಧ್ವಿ ಯಾರೋ ನನಗೆ ಗೊತ್ತಿಲ್ಲ. ಸಂಜೆ ನೆಂಟರು ಹೋದ ಮೇಲೆ ಬಟ್ಟೆ ತರಲು ತಾರಸಿಗೆ ಹೋದರೆ, ಅದೇ ಬಿಯರ್ ಬಾಟಲಿ ನೀರಿನ ಟ್ಯಾಂಕಿನ ಹಿಂದೆ ಖಾಲಿಯಾಗಿ ಬಿದ್ದಿತ್ತು.

ತೊಂಬತ್ತು ವರ್ಷ ನಕ್ಕು ನಗಿಸಿದ ಹೆಂಗಸನ್ನು ಅವಳ ಮನೆಯವರೇ ಉಪವಾಸ ಕಳಿಸಿದರು. ಮರ್ಯಾದೆಗೆ ಅಂಜಿ ಕಳಿಸಿದರು. ಅದನ್ನು ನಾನು ಕ್ಷಮಿಸುವುದಿಲ್ಲ.

ಅಪ್ಪನಿಗೆ ಕದ್ದು ಅಕ್ಕ ಈಗಲೂ ಫೋನ್ ಮಾಡುತ್ತಾಳೆ. "ಮೈಸೂರಿನಾಕಿ ಆಗಿಬಿಟ್ಟಿ ಏನು?" ಎಂದು ಕೇಳುತ್ತಾಳೆ. ಏನು ಹೇಳಲಿ? ಕಸದಿಂದ ಎತ್ತಿಕೊಂಡ ಇಸ್ಪೀಟು ನನ್ನ ಕಪಾಟಿನಲ್ಲಿದೆ. ಬರುವ ಪಿತೃಪಕ್ಷಕ್ಕೆ ಕೋಣೆಯ ಬಾಗಿಲು ಹಾಕಿಕೊಂಡಾದರೂ ದೊಡ್ಡವ್ವನಿಗೆ ಎಡೆ ಇಡುತ್ತೇನೆ. ಚಿಂತೆ ಇರುವುದು ನನ್ನ ಎಡೆಯದೇ. ನಿಮ್ಮಲ್ಲಿ ಸತ್ತವರಿಗೆ ಎಡೆ ಇಡುವುದಿಲ್ಲ. ಇಲ್ಲಿ ಇಡುತ್ತಾರೆ, ಆದರೆ ನನಗೆ ಪುಂಡಿಪಲ್ಯ ಇಡಬೇಕೆಂದು ಗೊತ್ತಿದ್ದವರು ಅವರೊಬ್ಬರೇ.