ಅವ್ವನ ಬಿಸಿ ರೊಟ್ಟಿ ತಿನ್ನುವ ಮನೆ

ಸವದತ್ತಿಯ ಹಳೆ ಓಣಿಯಲ್ಲಿ ಅವ್ವ, ನಾನು ಇಬ್ಬರೇ. ಕಾಲೇಜಿನ ಗೆಳತಿಯ ಮನೆ ಹೊಸ ಲೇಔಟ್‌ನಲ್ಲಿ. ಅವಳ ಅಪ್ಪ, ಅವ್ವ ಇಬ್ಬರಿಗೂ ಸರ್ಕಾರಿ ಪಗಾರ. ದುಡ್ಡಿದ್ದವರು ದಿನಾ ಹೊರಗಿನದನ್ನೇ ತಿನ್ನುತ್ತಾರೆ ಎಂದು ನನಗೆ ಮೊದಲಿಂದ ಹೊಟ್ಟೆಕಿಚ್ಚು. ಅದು ನಿಜವೋ ನೋಡೋಣ ಎಂದು ಡೈರಿಯ ಹಿಂದಿನ ಪುಟದಲ್ಲಿ ಎರಡು ಅಂಕಣ ಎಳೆದೆ. ಗಾಡಿಯ ಗೋಬಿ, ನೂಡಲ್ಸ್ ಏನು ತಿಂದರೂ ಒಂದು ಗೀಟು. ಅವಳದ್ದನ್ನು ಅವಳಿಂದಲೇ ಕೇಳಿ ಬರೆಯುತ್ತಿದ್ದೆ.

ಜೂನ್ ಮುಗಿದಾಗ ನಮ್ಮ ಕಡೆ ಹದಿನೇಳು ಗೀಟು, ಅವರ ಕಡೆ ಎರಡು.

ಕಾರಣ ನಮ್ಮ ಅಡುಗೆ ಮನೆಯಲ್ಲೇ ಇತ್ತು. ಸಂಜೆ ಐದರಿಂದ ಅವ್ವ ಹಂಚಿನ ಮುಂದೆ ಕೂತು ಲೇಔಟ್‌ನ ಆರು ಮನೆಗಳಿಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ಹಿಟ್ಟು ಆ ಮನೆಗಳಿಂದಲೇ ಬರುತ್ತದೆ. ಅದರಲ್ಲಿ ನಮಗೊಂದು ಬಡಿದುಕೊಳ್ಳಲು ಅವಳು ಒಪ್ಪುವುದಿಲ್ಲ. ಮುಗಿಸಿ ಎದ್ದಾಗ ಮತ್ತೆ ಹಿಟ್ಟು ನಾದಲು ರಟ್ಟೆ ಕೇಳುವುದಿಲ್ಲ. "ಗಾಡಿ ಮ್ಯಾಲಿಂದ ಏನರ ತಗೊಂಬಾ" ಎನ್ನುತ್ತಾಳೆ. ರೊಟ್ಟಿ ಮುಟ್ಟಿಸುವವಳು ನಾನು. ಗೆಳತಿಯ ಮನೆ ಆ ಆರರಲ್ಲಿ ಒಂದು.

ಒಂದು ಗುರುವಾರ ಗೆಳತಿ ಬಾಗಿಲಲ್ಲೇ ರೊಟ್ಟಿಯ ಗಂಟು ಬಿಚ್ಚಿ, ತುಂಡು ಮುರಿದು ಬಾಯಿಗಿಟ್ಟುಕೊಂಡಳು.

"ದಿನಾ ಇಂಥಾವು ತಿಂತೀಯಲ್ಲ, ನಿಂದ ನಸೀಬ ಬಿಡವಾ."

"ನಾವು ನಿನ್ನೆ ಗೋಬಿ ತಿಂದ್ವಿ," ಎಂದೆ.

"ಅಯ್ಯ, ಮ್ಯಾಲ ಗೋಬಿ ಬ್ಯಾರೆ! ನಮ್ಮವ್ವ ಗಾಡಿ ಹತ್ರ ನಿಂದ್ರಾಕೂ ಬಿಡೂದಿಲ್ಲ."

ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ರೊಟ್ಟಿಯೂ ಅವಳದೇ, ಹೊಟ್ಟೆಕಿಚ್ಚೂ ಅವಳದೇ ಆದರೆ ನನಗೇನು ಉಳಿಯಿತು?

ಮನೆಗೆ ಬಂದು ಅವ್ವನಿಗೆ ಹೇಳಿದೆ: "ರವಿವಾರ ಆರ್ಡರ್ ಇರೂದಿಲ್ಲಲ್ಲ, ಅವತ್ತ ನನಗೊಂದ ಬಿಸಿ ರೊಟ್ಟಿ ಮಾಡಿಕೊಡ ಯವ್ವಾ."

"ಒಂದ್ಯಾಕ, ನಾಕ ತಿನ್ನು."

ಶುಕ್ರವಾರ ಇದನ್ನು ಗೆಳತಿಗೂ ಹೇಳಿದೆ. ಹೇಳದೆ ಇರಲಾಗಲಿಲ್ಲ.

ರವಿವಾರ ಸಂಜೆ ತಾಟು ತೊಳೆದುಕೊಂಡು ಒಳಗೆ ಹೋದರೆ ಒಲೆ ಹೊತ್ತಿರಲಿಲ್ಲ. ಅವ್ವ ತಲೆ ಬಾಚಿ, ಚಲೋ ಸೀರೆ ಉಟ್ಟು ಕೂತಿದ್ದಳು.

"ಇವತ್ತ ಹಂಚ ನೋಡಿದ್ರ ಬ್ಯಾಸರ ಬರತೈತಿ. ನಡಿ, ಗಾಡಿಗೆ ಹೋಗೂಣು. ನೀ ತಂದದ್ದು ಮನಿಗಿ ಬರೂದ್ರಾಗ ಆರಿರತೈತಿ. ನಾನೂ ಒಮ್ಮೆ ಬಿಸಿಬಿಸಿ ತಿಂತೇನಿ."

ತೊಳೆದ ತಾಟು ಅಲ್ಲೇ ಇಟ್ಟು ಹೊರಟೆ. ಅವ್ವ ಗಾಡಿಯ ಮುಂದೆ ನಿಂತು ಊದಿ ಊದಿ ತಿಂದಳು. ಇನ್ನೊಂದು ಪ್ಲೇಟ್ ತಾನೇ ಹೇಳಿದಳು. ನನ್ನದು ಅರ್ಧ ಹಾಗೇ ಉಳಿಯಿತು.

ಸೋಮವಾರ ಗೆಳತಿ ಕೇಳಿದಳು, "ಎಷ್ಟ ತಿಂದಿ?"

"ನಾಕು. ಹಂಚಿನ ಮ್ಯಾಲಿನವು," ಎಂದೆ.

ಅವಳ ಮುಖ ಸಣ್ಣದಾಯಿತು. ನನಗೆ ಅಷ್ಟು ಸಾಕಿತ್ತು.